ಜಮಖಂಡಿಯ ಕಿತ್ತಳೆ ಗೆರೆ

ಕಳೆದ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಯಡಹಳ್ಳಿಯ ಚಿಂಕಾರಾ ವನ್ಯಧಾಮಕ್ಕೆ ಹೋಗಿದ್ದೆ. ಮುಧೋಳ, ಬೀಳಗಿ ತಾಲ್ಲೂಕುಗಳ ಕುರುಚಲು ಕಾಡಿನಲ್ಲಿ ಸುಮಾರು 96 ಚದರ ಕಿಲೋಮೀಟರು ಹರಡಿರುವ ಈ ಧಾಮ ಘೋಷಣೆಯಾದದ್ದು 2016ರಲ್ಲಿ. ಎರಡು ತಾಸು ಅಲೆದ ಮೇಲೆ ಒಂದೇ ಒಂದು ಚಿಗರಿ ದೂರದಲ್ಲಿ ಬಾಲ ಅಲ್ಲಾಡಿಸಿ ಮರೆಯಾಯಿತು. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು.

ಬನಹಟ್ಟಿಗೆ ಮರಳುವಾಗ ಜಮಖಂಡಿಯಲ್ಲಿ ಚಹಾಕ್ಕೆಂದು ಇಳಿದೆವು. ಹಿರಿಯ ಮೊಮ್ಮಗಳು ಕೇಳಿದಳು: "ಮುತ್ಯಾ, ಚಿಗರಿ ನೋಡಾಕ ಜಾಗಾ ಐತಿ. ಚುಕ್ಕಿ ನೋಡಾಕ ನಮ್ಮ ಕಡೆ ದುರ್ಬೀನು ಎಲ್ಲೂ ಇಲ್ಲೇನು?"

"ಇತ್ತವ್ವ, ಇದೇ ಊರಾಗ" ಎಂದೆ.

1868ರ ಆಗಸ್ಟ್ 18, ಶ್ರಾವಣದ ಬೆನಕನ ಅಮಾವಾಸ್ಯೆ. ಅಂದು ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಾಪುರಗಳ ಮೇಲಿಂದ ಸಾಗಿ ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಹೋಯಿತು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಡನೆ ಅಲ್ಲಿ ಬೀಡುಬಿಟ್ಟಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ನಮ್ಮ ದೇಶದ ತ್ರಿಕೋನಮಿತಿ ಭೂಮಾಪನ ಇಲಾಖೆಯ ಅಧಿಕಾರಿ. ಜೊತೆಗೆ ಲೆಫ್ಟಿನೆಂಟ್ ಕ್ಯಾಂಪ್‌ಬೆಲ್ ಎಂಬವರಿದ್ದರು.

ಗ್ರಹಣಕಾಲದಲ್ಲಿ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಯಾವ ವಸ್ತುವಿನವು ಎಂಬುದು ಆಗಿನ ದೊಡ್ಡ ಪ್ರಶ್ನೆ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕವು ಅದಕ್ಕೆ ಉತ್ತರ ಹೇಳಬೇಕಿತ್ತು. ಕಾಯಿಕೊಂಡ ಮೂಲವಾದರೆ ಬಣ್ಣಗಳ ಅಖಂಡ ಪಟ್ಟಿ. ಉರಿಯುವ ಅನಿಲವಾದರೆ ಬಿಡಿ ಬಿಡಿ ಹೊಳೆಯುವ ಗೆರೆಗಳು. ಆದರೆ ಮಳೆಗಾಲವಲ್ಲವೇ, ಆಕಾಶದ ತುಂಬ ಮೋಡ! ಸಿಕ್ಕ ಕೆಲವೇ ನಿಮಿಷಗಳಲ್ಲಿ ಮೋಡ ಸರಿದಾಗಷ್ಟೇ ಸೂರ್ಯನ ದರ್ಶನ. ಅಂಥ ಒಂದು ಬಿಡುವಿನಲ್ಲಿ ಹರ್ಷೆಲ್ ಮೂರು ಗೆರೆಗಳನ್ನು ಕಂಡರು: ಕೆಂಪು, ಕಿತ್ತಳೆ, ನೀಲಿ. ಜ್ವಾಲೆಗಳು ಅನಿಲವೆಂಬುದು ಖಚಿತವಾಯಿತು. ಗುಂಟೂರು ಮೊದಲಾದ ಕಡೆಗಳಲ್ಲಿದ್ದವರೂ ಅಂದು ಇದನ್ನೇ ಕಂಡರು.

ಮುಂದಿನ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಕೆಂಪು, ನೀಲಿ ಗೆರೆಗಳ ಸ್ಥಾನ ಹೇಳಲು ಹರ್ಷೆಲ್ ತಮ್ಮ ವರದಿಯಲ್ಲಿ ಹಿಂಜರಿದರು. ಕಿತ್ತಳೆ ಗೆರೆಯ ಬಗ್ಗೆ ಮಾತ್ರ ಅವರಿಗೆ ಸಂದೇಹವಿರಲಿಲ್ಲ. ತಮ್ಮ ಉಪಕರಣದ ಶಕ್ತಿಯ ಮಟ್ಟಿಗೆ ಅದು ಸೋಡಿಯಂನ 'ಡಿ' ಗೆರೆಯೇ ಎಂದು ಬರೆದರು. ತಪ್ಪಿದ್ದು ಅಲ್ಲಿಯೇ! ಎರಡು ತಿಂಗಳ ನಂತರ ಇಂಗ್ಲೆಂಡಿನಲ್ಲಿ ಲಾಕಿಯರ್, ಗ್ರಹಣವಿಲ್ಲದೆಯೇ ಜ್ವಾಲೆಗಳನ್ನು ಪರೀಕ್ಷಿಸಿ, ಆ ಗೆರೆ ಸೋಡಿಯಂನ ಪಕ್ಕದ್ದೇ ಹೊರತು ಸೋಡಿಯಂನದಲ್ಲ ಎಂದು ಕಂಡುಕೊಂಡರು. ಅದು ಹೀಲಿಯಂ. 1895ರಲ್ಲಿ ರಾಮ್ಸೇ ಅದನ್ನು ಭೂಮಿಯ ಮೇಲಿನ ಒಂದು ಖನಿಜದಿಂದ ಹೊರತೆಗೆದರು.

ಅನೇಕ ವರ್ಷ ನಾನು ಹತ್ತನೆಯ ತರಗತಿಗೆ ಹೀಲಿಯಂ ಪಾಠ ಮಾಡಿದ್ದೇನೆ. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ನಿಂತು ನೋಡಿದನೆಂದು ಹೇಳಿ, ಭೂಪಟದಲ್ಲಿ ಗುಂಟೂರಿನ ಮೇಲೆ ಕೋಲು ಇಡುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಜಮಖಂಡಿಯ ಹುಡುಗರೇ ಕುಳಿತಿರುತ್ತಿದ್ದರು! ಹರ್ಷೆಲರ ವರದಿಯ ವಿಷಯ ನನಗೆ ತಿಳಿದದ್ದು ನಿವೃತ್ತಿಯ ನಂತರ. ಆ ಬೆಂಚಿನಲ್ಲಿ ಕುಳಿತಿದ್ದ ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಅಂದಿನ ಬಾಕಿಯನ್ನು ಇಂದು ಸಲ್ಲಿಸುತ್ತಿದ್ದೇನೆಂದು ತಿಳಿಯಿರಿ.

ಮನೆಗೆ ಬಂದು ಗ್ಯಾಸ್ ಒಲೆಯ ನೀಲಿ ಉರಿಗೆ ಚಿಟಿಕೆ ಉಪ್ಪು ಉದುರಿಸಿದೆ. ಉರಿ ಹಳದಿಯಾಯಿತು. "ಇದು ಸೋಡಿಯಂ. ಹರ್ಷೆಲ್ ಸಾಹೇಬರು ಸೂರ್ಯನಲ್ಲಿ ಕಂಡದ್ದೂ ಇದೇ ಅಂತ ತಿಳಿದಿದ್ದರು" ಎಂದೆ. ಮೊಮ್ಮಗಳು ಇನ್ನೊಂದು ಚಿಟಿಕೆ ಉದುರಿಸಿ, ಕಣ್ಣು ಕಿರಿದು ಮಾಡಿ, "ತಪ್ಪು ತಿಳಿಯೂದು ಸಹಜ ಐತಿ ಬಿಡು ಮುತ್ಯಾ" ಎಂದಳು. ಒಲೆ ಒರೆಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.