‘ಬಂದಿದೆ’ ಎಂಬ ಒಂದು ಪದದ ಉತ್ತರ ಮತ್ತು ಅದರ ಹಿಂದಿನ ಚರಿತ್ರೆ

ವಿಧಾನಸಭೆಯ ಪ್ರಶ್ನೋತ್ತರದ ಪ್ರತಿ ನೋಡಿದವರಿಗೆ ಅದರ ರೂಪ ಗೊತ್ತಿರುತ್ತದೆ. ಎಡಗಡೆ ಅ, ಆ, ಇ ಎಂದು ಶಾಸಕರ ಪ್ರಶ್ನೆ, ಬಲಗಡೆ ಸಚಿವರ ಉತ್ತರ. ತಾಲ್ಲೂಕಿನ ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಅನುದಾನದ ಲಭ್ಯತೆ ಅನುಸಾರ ಕ್ರಮ ವಹಿಸಲಾಗುವುದು. ಜಿಲ್ಲಾ ವರದಿಗಾರರಾದ ನಾವು ಇದನ್ನು ಎರಡು ಪ್ಯಾರಾ ಸುದ್ದಿ ಮಾಡಿ ಕಳಿಸುತ್ತೇವೆ. ಪುಟದಲ್ಲಿ ಜಾಗ ಇದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಆದರೆ ಆ ‘ಬಂದಿದೆ’ ಎನ್ನುವ ಒಂದು ಪದವನ್ನು ಸರ್ಕಾರದ ಬಾಯಿಂದ ಹೇಳಿಸಲು ಈ ನಾಡಿಗೆ ಬಹಳ ಕಾಲ ಹಿಡಿದಿದೆ. ಅದು ಎಲ್ಲರಿಗೂ ಒಂದೇ ಸಲ ಸಿಕ್ಕಿದ್ದೂ ಅಲ್ಲ.

ಹಳೆ ಮೈಸೂರಿನಿಂದ ಶುರು ಮಾಡೋಣ. 1881ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ದಿವಾನ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು. ಆ ವರ್ಷದ ದಸರೆಯ ಹೊತ್ತಿಗೆ 144 ಪ್ರತಿನಿಧಿಗಳ ಮೊದಲ ಸಭೆ ಸೇರಿತು. ದಿವಾನರು ಕಳೆದ ವರ್ಷದ ಆಡಳಿತದ ವಿವರ ಓದುತ್ತಿದ್ದರು. ಬಂದವರು ತಮ್ಮ ತಮ್ಮ ಊರುಕೇರಿಯ ಅಗತ್ಯಗಳನ್ನು ಹೇಳಿಕೊಳ್ಳುತ್ತಿದ್ದರು. ಬಂದವರು ಹೆಚ್ಚಾಗಿ ಜಮೀನುದಾರರು ಮತ್ತು ವರ್ತಕರು. ಮತ ಹಾಕುವ ಅಧಿಕಾರ ಇಲ್ಲ, ಸರ್ಕಾರ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಅದನ್ನು ಪ್ರಶ್ನೆ ಅನ್ನುವುದಕ್ಕಿಂತ ಅಹವಾಲು ಅನ್ನುವುದೇ ಸರಿ.

ಅಹವಾಲಿಗೂ ಪ್ರಶ್ನೆಗೂ ವ್ಯತ್ಯಾಸ ಇದೆ. ಅಹವಾಲು ಕೊಟ್ಟವನು ದೊರೆಯ ಮರ್ಜಿ ಕಾಯಬೇಕು. ಪ್ರಶ್ನೆ ಕೇಳಿದವನಿಗೆ ಉತ್ತರ ಪಡೆಯುವ ಹಕ್ಕಿರುತ್ತದೆ. ಬ್ರಿಟಿಷ್ ಇಂಡಿಯಾದ ಶಾಸನ ಸಭೆಗಳಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು 1892ರ ಕಾಯ್ದೆಯಿಂದ; ಉತ್ತರದ ಮೇಲೆ ಉಪಪ್ರಶ್ನೆ ಕೇಳಲು 1909ರವರೆಗೆ ಕಾಯಬೇಕಾಯಿತು. ಮೈಸೂರಿನಲ್ಲಿ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಪ್ರಶ್ನೆ ಕೇಳುವ ಹಕ್ಕು ಗಟ್ಟಿಯಾಯಿತು. ಅಂದರೆ ಅಹವಾಲು ಪ್ರಶ್ನೆಯಾಗಲು ನಲವತ್ತೆರಡು ವರ್ಷ ಹಿಡಿಯಿತು.

ಈಗ ನಮ್ಮ ಕಡೆಗೆ ಬನ್ನಿ. ಬೀದರ್, ಗುಲ್ಬರ್ಗಾ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಈ ಭಾಗಕ್ಕೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಎಲ್ಲ ವಯಸ್ಕರ ಮತದಿಂದ ಆರಿಸಿಬಂದ ಶಾಸಕರು ಇಲ್ಲಿಯವರಿಗೆ ಮೊದಲು ಸಿಕ್ಕಿದ್ದು 1952ರ ಚುನಾವಣೆಯಲ್ಲಿ, ಅದೂ ಹೈದರಾಬಾದ್ ವಿಧಾನಸಭೆಗೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದಾಗ, ಅತ್ತ ಕಡೆಯವರಿಗೆ ಸರ್ಕಾರದ ಎದುರು ನಿಂತು ಮಾತಾಡಿದ ಎಪ್ಪತ್ತೈದು ವರ್ಷದ ರೂಢಿ ಇತ್ತು. ಇತ್ತ ಕಡೆಯವರಿಗೆ ನಾಲ್ಕೇ ವರ್ಷದ್ದು. ಶಾಲೆ, ರಸ್ತೆ, ಆಸ್ಪತ್ರೆ, ನೀರಾವರಿಯ ಅಂತರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ರೂಢಿಯ ಅಂತರವನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಇನ್ನೊಂದು ಸಂಗತಿ ಇದೆ. ನಿಜಾಮರ ರಾಜ್ಯ ಮೂರು ಪಾಲಾಯಿತು. ಮರಾಠವಾಡಾಕ್ಕೆ ಸಂವಿಧಾನದ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ತೆಲಂಗಾಣ ಸೇರಿದ್ದ ಆಂಧ್ರಪ್ರದೇಶಕ್ಕೆ 1973ರ ತಿದ್ದುಪಡಿಯಿಂದ 371(ಡಿ) ಬಂತು. ಒಂದೇ ಮನೆಯಿಂದ ಹೊರಬಿದ್ದ ಮೂವರಲ್ಲಿ ಕನ್ನಡದ ಪಾಲಿನವರಿಗೆ ಮಾತ್ರ ಏನೂ ಇರಲಿಲ್ಲ.

ಇಲ್ಲಿಯ ಶಾಸಕರು ಕೇಳಲಿಲ್ಲವೇ? ಕೇಳಿದರು. ಆದರೆ ‘ನಮಗೆ ಅನ್ಯಾಯವಾಗಿದೆ’ ಎಂಬ ಮಾತಿಗೆ ‘ಸರ್ಕಾರ ಎಲ್ಲ ಭಾಗಗಳನ್ನೂ ಸಮಾನವಾಗಿ ಕಾಣುತ್ತಿದೆ’ ಎಂದುಬಿಟ್ಟರೆ ಮಾತು ಮುಗಿಯಿತು. ಅಂಕಿ ಇಲ್ಲದ ಪ್ರಶ್ನೆಗೆ ಅಂಕಿ ಇಲ್ಲದ ಉತ್ತರ. 1981ರಲ್ಲಿ ಜೇವರ್ಗಿಯ ಶಾಸಕರಾಗಿದ್ದ ಎನ್. ಧರಂಸಿಂಗ್ ಅಧ್ಯಕ್ಷತೆಯ ಸಮಿತಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕೆಂದು ಹೇಳಿತು. ಮಂಡಳಿಯ ಕಾಯ್ದೆ ಬಂದಿದ್ದು 1991ರಲ್ಲಿ. ಶಿಫಾರಸಿನಿಂದ ಕಾಯ್ದೆಗೆ ಹತ್ತು ವರ್ಷ.

ಅಂಕಿ ಕೈಗೆ ಬಂದದ್ದು 2002ರಲ್ಲಿ. ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳ ಮೇಲೆ ಅಳೆಯಿತು. 114 ತಾಲ್ಲೂಕು ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಬೆಂಗಳೂರು ವಿಭಾಗದ 11, ಬೆಳಗಾವಿಯ 5, ಮೈಸೂರಿನ 2 ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ ₹31,000 ಕೋಟಿ ವೆಚ್ಚ ಮಾಡಬೇಕು ಎಂದು ಸಮಿತಿ ಹೇಳಿತು.

ಈ ವರದಿಯ ದೊಡ್ಡ ಉಪಕಾರ ಹಣದ ಮೊತ್ತದ್ದಲ್ಲ. ಅದು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳೆಯಿತು. ಜಿಲ್ಲೆಯ ಸರಾಸರಿಯಲ್ಲಿ ನಗರ ಮೇಲೆ ತೇಲುತ್ತದೆ, ಹಳ್ಳಿ ಒಳಗೆ ಮುಳುಗುತ್ತದೆ. ತಾಲ್ಲೂಕಿನ ಲೆಕ್ಕ ಬಂದ ಮೇಲೆ ಶಾಸಕರು ತಮ್ಮ ಕ್ಷೇತ್ರದ ಹೆಸರು ಹಿಡಿದೇ ಕೇಳುವಂತಾಯಿತು. ‘ನಂಜುಂಡಪ್ಪ ವರದಿಯ ಪ್ರಕಾರ ನಮ್ಮ ತಾಲ್ಲೂಕಿಗೆ ಬರಬೇಕಾದದ್ದೆಷ್ಟು, ಬಂದದ್ದೆಷ್ಟು’ ಎಂಬ ಪ್ರಶ್ನೆಗೆ ‘ಸಮಾನವಾಗಿ ಕಾಣುತ್ತಿದ್ದೇವೆ’ ಎಂದು ಹೇಳಿ ಕೂರಲು ಆಗುವುದಿಲ್ಲ. ಆದರೂ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಲು 2007–08 ಬರಬೇಕಾಯಿತು.

ಸದನದಲ್ಲಿ ಕೇಳಿದ ಪ್ರಶ್ನೆ ಸಾಲದೆ ಹೋದಾಗ ಅದು ಬೀದಿಗೂ ಬಂತು. ಚಿಂಚೋಳಿಯ ವೈಜನಾಥ ಪಾಟೀಲರು ಶಾಸಕರಾಗಿದ್ದವರು, ಸಚಿವರಾಗಿದ್ದವರು. 371ನೇ ವಿಧಿಯ ತಿದ್ದುಪಡಿಗಾಗಿ ಅವರು ನಡೆಸಿದ ಹೋರಾಟ ಈ ಭಾಗದ ಹಿರಿಯರಿಗೆಲ್ಲ ನೆನಪಿದೆ. ಪಕ್ಷಭೇದವಿಲ್ಲದೆ ಹಲವರು ದನಿಗೂಡಿಸಿದರು. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿತು. 371(ಜೆ) ಬಂತು.

371(ಜೆ) ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೀಸಲಾತಿ ಪ್ರಮಾಣಪತ್ರ ನೆನಪಾಗುತ್ತದೆ. ನೌಕರಿ, ಸೀಟು. ಅದು ಮುಖ್ಯವೇ. ಆದರೆ ಆ ವಿಧಿಯ ಮೊದಲ ಉಪಖಂಡದಲ್ಲೇ ಇನ್ನೊಂದು ಮಾತಿದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸ್ಥಾಪಿಸಬೇಕು, ಅದರ ಕಾರ್ಯದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದೆ ಇಡಬೇಕು. ಇದು ಸಣ್ಣ ಮಾತಲ್ಲ. 1881ರಲ್ಲಿ ದಿವಾನರು ವರ್ಷದ ವಿವರ ಓದಿದ್ದು ಅರಮನೆಯ ಔದಾರ್ಯದಿಂದ. ಈಗ ಲೆಕ್ಕ ಒಪ್ಪಿಸುವುದು ಸಂವಿಧಾನದ ಮಾತು.

ಈ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು. ಮಂಡಳಿಗೆ 2022–23ರ ಬಜೆಟ್‌ನಲ್ಲಿ ₹3,000 ಕೋಟಿ, ಮರುವರ್ಷ ₹5,000 ಕೋಟಿ ಘೋಷಣೆಯಾಯಿತು. ಘೋಷಣೆಯ ದಿನ ನಮ್ಮ ಪತ್ರಿಕೆಗಳಲ್ಲಿ ಮುಖಪುಟ ಸುದ್ದಿ. ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಸರ್ಕಾರಿ ಹಣಕ್ಕೆ ಮೂರು ಮೆಟ್ಟಿಲು: ಹಂಚಿಕೆ, ಬಿಡುಗಡೆ, ಖರ್ಚು. ಮಾರ್ಚ್ ತಿಂಗಳಲ್ಲಿ ಈ ಮೂರೂ ಒಂದೇ ಆಗಿರುವುದಿಲ್ಲ. ನಾಲ್ಕನೆಯದೂ ಒಂದಿದೆ, ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಖರ್ಚಾದ ಹಣದಿಂದ ಕಟ್ಟಿದ ಶಾಲಾ ಕೋಣೆಯಲ್ಲಿ ಮೇಷ್ಟ್ರು ಇದ್ದಾರೋ ಇಲ್ಲವೋ ಎಂಬುದು. ಮಂಡಳಿ ಕಟ್ಟಡ ಕಟ್ಟಬಲ್ಲದು. ಖಾಲಿ ಹುದ್ದೆ ತುಂಬುವುದು ಇಲಾಖೆಯ ಕೆಲಸ. ಆದ್ದರಿಂದ ಶಾಸಕರು ಕಟ್ಟಡದ ಪ್ರಶ್ನೆಯನ್ನೂ ಹುದ್ದೆಯ ಪ್ರಶ್ನೆಯನ್ನೂ ಒಟ್ಟಿಗೇ ಕೇಳಬೇಕು. ಬೇರೆ ಬೇರೆಯಾಗಿ ಕೇಳಿದರೆ ಎರಡಕ್ಕೂ ಸಮಾಧಾನದ ಉತ್ತರ ಬರುತ್ತದೆ, ಊರಿನ ಸ್ಥಿತಿ ಹಾಗೇ ಉಳಿಯುತ್ತದೆ.

ಚರಿತ್ರೆಯಿಂದ ಕಲಿಯುವುದು ಇಷ್ಟು. ಸದನದಲ್ಲಿ ಗಟ್ಟಿಯಾಗಿ ಕೂಗಿದ ಮಾತಿಗಿಂತ ಅಂಕಿ ಹಿಡಿದು, ತಾಲ್ಲೂಕಿನ ಹೆಸರು ಹೇಳಿ ಕೇಳಿದ ಪ್ರಶ್ನೆ ಹೆಚ್ಚು ದೂರ ಹೋಗಿದೆ. ಪ್ರಶ್ನೋತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ, ಕನ್ನಡದಲ್ಲೇ ಇರುತ್ತವೆ. ನಿಮ್ಮ ಶಾಸಕರು ಕಳೆದ ಅಧಿವೇಶನದಲ್ಲಿ ಏನು ಕೇಳಿದರು, ಏನು ಉತ್ತರ ಬಂತು ಎಂದು ಒಮ್ಮೆ ತೆಗೆದು ನೋಡಿ. ‘ಬಂದಿದೆ’ ಎಂದಿದ್ದರೆ, ಆ ಪುಟ ಹಿಡಿದುಕೊಂಡೇ ಮುಂದಿನ ಗ್ರಾಮಸಭೆಗೆ ಹೋಗಿ. ಗಮನಕ್ಕೆ ಬಂದಿಲ್ಲ ಎಂದು ಯಾರೂ ಹೇಳುವಂತಿಲ್ಲ.