ವಾಡಿ ಹಳಿಯ ಆಚೆ ಈಚೆ

ಭಾರತದ ಪೌರತ್ವ ಕೇಳಿ ಅರ್ಜಿ ಹಾಕುವ ಪರದೇಶದವರಿಗೆ 1955ರ ಪೌರತ್ವ ಕಾಯ್ದೆಯ ಮೂರನೇ ಅನುಸೂಚಿ ಒಡ್ಡುವ ಷರತ್ತುಗಳಲ್ಲಿ ‘ಒಳ್ಳೆಯ ನಡತೆ’ಯೂ ಒಂದು. ಎಷ್ಟು ಕಾಲ ಇಲ್ಲಿ ವಾಸವಿರಬೇಕೆಂದು ಕಾಯ್ದೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೇಳುತ್ತದೆ. ಎಂದೋ ಕಟ್ಟಿದ ದಂಡ ನಡತೆಗೆ ಕುಂದೋ ಅಲ್ಲವೋ ಎಂಬುದನ್ನು ಮಾತ್ರ ಸರ್ಕಾರದ ಮರ್ಜಿಗೆ ಬಿಡುತ್ತದೆ. ಕಲಬುರಗಿ ಸೀಮೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಹಳೆಯ ಕಾಲವನ್ನು ಕೆದಕಿದರೆ ಈ ಮರ್ಜಿಯ ಬುನಾದಿ ಅಷ್ಟೇನೂ ಗಟ್ಟಿಯಲ್ಲ ಎನಿಸುತ್ತದೆ. ಸಣ್ಣ ಅಪರಾಧದ ದಾಖಲೆ ಈ ಸೀಮೆಯಲ್ಲಿ ಮನುಷ್ಯನ ಗುಣಕ್ಕಿಂತ ಹೆಚ್ಚಾಗಿ ಅವನು ನಿಂತ ನೆಲ ಯಾರ ಹುಕುಮಿನಲ್ಲಿತ್ತು ಎಂಬುದನ್ನೇ ಹೇಳುತ್ತ ಬಂದಿದೆ.

ಐದೂ ಊರುಗಳು ನಿಜಾಮರ ರಾಜ್ಯಕ್ಕೆ ಸೇರಿದ್ದವು. 1871ರ ಹೊತ್ತಿಗೆ ಮುಂಬಯಿಯ ಹಳಿ ಶಹಾಬಾದ್, ವಾಡಿಗಳನ್ನು ಹಾದು ರಾಯಚೂರು ಮುಟ್ಟಿತು; 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ನಿಜಾಮರ ಹಳಿ ಕೂಡಿಕೊಂಡಿತು. ಚಿಂಚೋಳಿಯ ಪಾಲಿಗೆ ರೈಲು ಬರಲಿಲ್ಲ. ಹಳಿ ಹಾಸಿದ ಜಮೀನಿನ ಮೇಲಿನ ಅಧಿಕಾರವನ್ನು ನಿಜಾಮ ಸರ್ಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. ಹೀಗಾಗಿ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನಿಗೆ ಬ್ರಿಟಿಷರ ರೈಲ್ವೆ ಕಾನೂನು. ಅದೇ ಮನುಷ್ಯ ಸ್ಟೇಷನ್ ದಾಟಿ ಹೊರಗೆ ಬಂದು ಜಗಳ ತೆಗೆದರೆ ನಿಜಾಮರ ಕಾನೂನು, ಉರ್ದುವಿನ ಫೈಸಲು. ಇದೇ ಹಳಿಯ ಮೇಲಿರುವ ಶಂಕರಪಲ್ಲಿ ಸ್ಟೇಷನ್ನಿನಲ್ಲಿ 1895ರಲ್ಲಿ ಮಹಮ್ಮದ್ ಯೂಸುಫುದ್ದೀನ್ ಎಂಬುವರನ್ನು ಶಿಮ್ಲಾದಿಂದ ಹೊರಟ ವಾರಂಟಿನ ಮೇಲೆ ಹಿಡಿದರು. ಆರೋಪ ಲಂಚದ್ದು, ರೈಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ನಿಜಾಮರು ಕೊಟ್ಟದ್ದು ರೈಲ್ವೆಯ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಆದ್ದರಿಂದ ಬಂಧನ ಅಕ್ರಮ ಎಂದು 1897ರಲ್ಲಿ ತೀರ್ಪು ಬಂತು. ಆ ಮನುಷ್ಯ ಲಂಚ ಕೊಟ್ಟಿದ್ದರೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ತೀರ್ಮಾನವಾದದ್ದು ಪ್ಲಾಟ್‌ಫಾರ್ಮಿನ ಒಡೆತನ.

1947ರ ಸ್ವಾತಂತ್ರ್ಯದಿಂದ ಹೈದರಾಬಾದ್ ಭಾರತಕ್ಕೆ ಸೇರುವವರೆಗಿನ ಹದಿಮೂರು ತಿಂಗಳಲ್ಲಿ ಈ ತಿರುಗುಮುರುಗು ಇನ್ನೂ ಢಾಳಾಗಿ ಕಾಣುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ ತ್ರಿವರ್ಣ ಧ್ವಜ ಹಾರಿಸುವುದು, ಅಬಕಾರಿ ಆದಾಯ ಮುರಿಯಲು ಶಿಂದಿ ಗಿಡ ಕಡಿಯುವುದು, ಸುಂಕ ವಸೂಲಿಯ ಕರೋಡಗಿರಿ ನಾಕಾಗಳ ಮೇಲೆ ಬೀಳುವುದು ಎಲ್ಲವೂ ಅಪರಾಧ. ಅಂಥವರು ಜೈಲು ಕಂಡರು. ಮುಂದೆ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂದಾಗ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸವೇ ಅರ್ಹತೆಯ ಗೆರೆಯಾಯಿತು, ಜೈಲಿನ ಸರ್ಟಿಫಿಕೇಟೇ ಪುರಾವೆಯಾಯಿತು. ದಾಖಲೆ ಅದೇ, ಓದುವ ಸರ್ಕಾರ ಮಾತ್ರ ಬೇರೆ.

ನಡುವೆ 1950ರ ಜನವರಿ 26ರಂದು ಈ ಊರುಗಳ ಪ್ರಜೆಗಳೆಲ್ಲ ಪೌರರಾದರು. ಸಂವಿಧಾನದ 5ನೇ ವಿಧಿ ಕೇಳಿದ್ದು ಇಷ್ಟೇ: ಇಲ್ಲಿ ಕಾಯಂ ನೆಲೆ ಇದೆಯೇ, ಅದರ ಜೊತೆಗೆ ಇಲ್ಲಿ ಹುಟ್ಟಿದವರೇ, ತಂದೆ ಅಥವಾ ತಾಯಿ ಇಲ್ಲಿ ಹುಟ್ಟಿದವರೇ, ಇಲ್ಲವೇ ಐದು ವರ್ಷದಿಂದ ವಾಸವಿದ್ದೀರಾ? ಕಳ್ಳಭಟ್ಟಿಗೆ ದಂಡ ತೆತ್ತವರು, ನಿಜಾಮರ ಪರದ ರಜಾಕಾರರೆಂದು ಹಿಡಿಸಿಕೊಂಡವರು ಯಾರನ್ನೂ ಅದು ಬಾಗಿಲಲ್ಲಿ ತಡೆಯಲಿಲ್ಲ. 7ನೇ ವಿಧಿ ಹೊರಗಿಟ್ಟದ್ದು 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದವರನ್ನು, ಅಂದರೆ ಎಲ್ಲಿಗೆ ಹೋದಿರಿ ಎಂಬುದೇ ಅಲ್ಲಿಯೂ ಪ್ರಶ್ನೆ. ಅದಕ್ಕೂ ಮೊದಲು, ನಿಜಾಮರ 1919ರ ಫರ್ಮಾನಿನ ಮುಲ್ಕಿ ನಿಯಮ ಹೊರಗಿನಿಂದ ಬಂದವನಿಗೆ ಹದಿನೈದು ವರ್ಷದ ವಾಸವನ್ನೂ, ಹಿಂದಿನ ಊರಿಗೆ ಮರಳುವ ಇರಾದೆ ಇಲ್ಲವೆಂಬ ಅಫಿಡವಿಟ್ಟನ್ನೂ ಕೇಳುತ್ತಿತ್ತು. ಅದು ಸರ್ಕಾರಿ ನೌಕರಿಯ ನಿಯಮ, ಪೌರತ್ವದ್ದಲ್ಲ, ನಿಜ. ಆದರೂ ‘ನಮ್ಮವನು’ ಯಾರೆಂದು ಈ ಸೀಮೆ ಅಳೆದ ಕೋಲು ವಾಸದ್ದು. ನಡತೆಯ ಕೋಲು ಬಂದದ್ದು ಬ್ರಿಟಿಷರ 1914ರ ರಾಷ್ಟ್ರೀಯತೆ ಕಾಯ್ದೆಯಿಂದ, ಬ್ರಿಟಿಷ್ ಇಂಡಿಯಾದ 1926ರ ನ್ಯಾಚುರಲೈಸೇಷನ್ ಆಕ್ಟಿನ ಮೂಲಕ.

1950ರದ್ದು ದೇಶ ಕಟ್ಟುವ ಗಳಿಗೆ, ಇದ್ದವರನ್ನೆಲ್ಲ ಒಳಗೆ ಸೇರಿಸಿಕೊಳ್ಳದೆ ಗತ್ಯಂತರವಿರಲಿಲ್ಲ. ಇಂದು ಹೊರಗಿನಿಂದ ಬರುವವರನ್ನು ಆರಿಸಿಕೊಳ್ಳುವ ಹಕ್ಕು ಯಾವ ದೇಶಕ್ಕೂ ಇದೆ ಎನ್ನಬಹುದು. ಒಪ್ಪುವ ಮಾತು. ಕೊಲೆ, ದರೋಡೆ ಮಾಡಿದವರಿಗೆ ಬಾಗಿಲು ತೆರೆಯಿರೆಂದು ಯಾರೂ ಕೇಳುತ್ತಿಲ್ಲ. ಆದರೆ ಎಷ್ಟು ಅಪರಾಧ ಹೆಚ್ಚಾಯಿತು ಎಂಬುದಕ್ಕೆ ಕಾಯ್ದೆಯೊಳಗೇ ಒಂದು ಅಳತೆ ಇದೆ. 10ನೇ ಕಲಮಿನ ಪ್ರಕಾರ ಅರ್ಜಿಯ ಮೂಲಕ ಪೌರನಾದವನ ಪೌರತ್ವವನ್ನು ಅಪರಾಧದ ಕಾರಣಕ್ಕೆ ಕಸಿಯಬೇಕಾದರೆ ಅದು ಸಿಕ್ಕ ಐದು ವರ್ಷದೊಳಗೆ ಕನಿಷ್ಠ ಎರಡು ವರ್ಷದ ಸಜೆ ಆಗಿರಬೇಕು. ಕೊಟ್ಟದ್ದನ್ನು ಕಸಿಯುವುದು, ಕೊಡದೇ ಇರುವುದಕ್ಕಿಂತ ಭಾರಿ ಶಿಕ್ಷೆ. ಎರಡಕ್ಕೂ ಒಂದೇ ತಕ್ಕಡಿ ಬೇಕೆಂದು ವಾದಿಸುವಷ್ಟು ದೂರ ನಾನು ಹೋಗಲಾರೆ. ಆದರೂ ಒಂದು ಕಡೆ ಎರಡು ವರ್ಷದ ಸಜೆ, ಇನ್ನೊಂದು ಕಡೆ ನೂರು ರೂಪಾಯಿ ದಂಡವೂ ಸಾಕಾಗಬಹುದೆಂಬ ಅಂಜಿಕೆ, ಈ ಅಂತರಕ್ಕೆ ಸಮಜಾಯಿಷಿ ಬೇಕು. ಅದನ್ನು ಅರ್ಜಿದಾರ ಕೇಳುವಂತೆಯೂ ಇಲ್ಲ: ಅರ್ಜಿ ತಿರಸ್ಕರಿಸಿದರೆ ಕೇಂದ್ರ ಸರ್ಕಾರ ಕಾರಣ ಹೇಳಬೇಕಾಗಿಲ್ಲವೆಂದು 14ನೇ ಕಲಂ ಬರೆದುಕೊಟ್ಟಿದೆ.