ಒರಗಿ ಕುಳಿತು ಗೆದ್ದ ಸೈಕಲ್

ಎದುರುಗಾಳಿಯಲ್ಲಿ ಸೈಕಲ್ ತುಳಿದಿದ್ದೀರಲ್ಲವೆ? ಆಗ ನಿಮಗೆ ಅರಿವಿಲ್ಲದೆಯೇ ತಲೆ ತಗ್ಗಿಸಿ ಬೆನ್ನು ಬಾಗಿಸುತ್ತೀರಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬ ಸೂತ್ರವನ್ನು ನಾನು ಬಿ.ಎಸ್ಸಿ. ತರಗತಿಯಲ್ಲಿ ಉರುಹೊಡೆದಿದ್ದೆ, ಅರ್ಥವಾದದ್ದು ಸೈಕಲ್ ಮೇಲೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟು!

ಹಾಗಾದರೆ ಮುಂದಕ್ಕೆ ಬಾಗುವ ಬದಲು ಹಿಂದಕ್ಕೆ ಒರಗಿ, ಕಾಲು ಚಾಚಿ ತುಳಿದರೆ? ಗಾಳಿಗೆ ಎದುರಾಗುವ ದೇಹದ ಭಾಗ ಕಡಿಮೆಯಾಗುತ್ತದೆ. ಇಂಥ ಸೈಕಲ್ಲಿಗೆ ರಿಕಂಬೆಂಟ್ ಎಂದು ಹೆಸರು. ಗಾಳಿ ಮಳೆ ತಡೆಯುವ ಕವಚ ಹೊದಿಸಿದರೆ ಅದೇ ವೆಲೊಮೊಬೈಲ್.

ಇದರ ಕಥೆಯಲ್ಲಿ ಫ್ರಾನ್ಸಿನ ಶಾರ್ಲ್ ಮೊಷೆ ಅವರಿಗೆ ದೊಡ್ಡ ಸ್ಥಾನವಿದೆ. ಚಿಕ್ಕ ಕಾರುಗಳನ್ನು ತಯಾರಿಸುತ್ತಿದ್ದ ಅವರು, ಮಗ ಜಾರ್ಜ್‌ಗೆ ಸೈಕಲ್ ಅಪಾಯವೆಂದು ಹೆಂಡತಿ ಹೆದರಿದಾಗ, ನಾಲ್ಕು ಚಕ್ರದ ಪೆಡಲ್ ಗಾಡಿಯೊಂದನ್ನು ಮಾಡಿಕೊಟ್ಟರು. ಹುಡುಗ ಅದರಲ್ಲಿ ಕುಳಿತು ಸೈಕಲ್ ಸವಾರರನ್ನೇ ಹಿಂದೆ ಹಾಕತೊಡಗಿದ! ಮುಂದೆ ಇಬ್ಬರು ದೊಡ್ಡವರು ಕೂರುವ 'ವೆಲೋಕಾರ್' ಬಂತು. ಬಳಿಕ ಎರಡು ಚಕ್ರದ ರಿಕಂಬೆಂಟ್ ಸಿದ್ಧವಾಯಿತು. ಅದನ್ನು ಪಂದ್ಯಕ್ಕೆ ಇಳಿಸಬಹುದೇ ಎಂದು ಮೊಷೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವನ್ನು 1932ರಲ್ಲೇ ಕೇಳಿದ್ದರು. ಆಕ್ಷೇಪವಿಲ್ಲ ಎಂಬ ಉತ್ತರ ಬಂದಿತ್ತು.

1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಈ ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಕ್ರಮಿಸಿದ. 1914ರಿಂದ ಅಳಿಯದೆ ನಿಂತಿದ್ದ ಆಸ್ಕರ್ ಎಗ್ ಅವರ 44.247 ಕಿಲೋಮೀಟರ್ ದಾಖಲೆ ಮುರಿಯಿತು. ಆಗ ವಾದ ಎದ್ದಿತು: ಗೆದ್ದದ್ದು ಸವಾರನೋ, ಯಂತ್ರವೋ? ಇದು ಸೈಕಲ್ಲೇ ಹೌದೇ? 1934ರಲ್ಲಿ ಒಕ್ಕೂಟ ಪಂದ್ಯದ ಸೈಕಲ್ ಹೇಗಿರಬೇಕೆಂದು ಹೊಸ ನಿಯಮ ಮಾಡಿತು. ಒರಗುವ ಸೈಕಲ್ ಅದರ ಹೊರಗುಳಿಯಿತು. ಮೊಷೆ ಅದೇ ವರ್ಷ ತೀರಿಕೊಂಡರು. ಫೋರ್ ಮಾತ್ರ ಬಿಡಲಿಲ್ಲ. 1939ರಲ್ಲಿ ಕವಚ ತೊಡಿಸಿದ ರಿಕಂಬೆಂಟಿನಲ್ಲಿ ಗಂಟೆಗೆ 50 ಕಿಲೋಮೀಟರ್ ಗಡಿಯನ್ನೂ ದಾಟಿದ.

ಪಂದ್ಯದ ನಿಯಮ ಪಂದ್ಯಕ್ಕಷ್ಟೇ ತಾನೆ? ಆದರೆ ಜನ ಕೊಳ್ಳುವುದು ಚಾಂಪಿಯನ್ನರು ತುಳಿಯುವ ಸೈಕಲ್ಲನ್ನೇ. ಹೀಗಾಗಿ ರಿಕಂಬೆಂಟ್ ಅಂಗಡಿಗಳಿಂದ ಬಹುಮಟ್ಟಿಗೆ ಮರೆಯಾಯಿತು. ಆದರೂ ಅದು ಸಾಯಲಿಲ್ಲ. ಅದನ್ನು ಉಳಿಸಿದವರಲ್ಲಿ ಮನೆಯಲ್ಲೇ ಕಟ್ಟಿಕೊಂಡವರೂ ಇದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಹೋದಾಗ ಪೆಡಲ್ ಕಾರುಗಳಿಗೆ ಮತ್ತೆ ಬೇಡಿಕೆ ಬಂತು. ಸ್ವೀಡನ್ನಿನಲ್ಲಿ 'ಫ್ಯಾಂಟಮ್' ಎಂಬ ಪೆಡಲ್ ಗಾಡಿಯ ನಕ್ಷೆ ಭಾರೀ ಸಂಖ್ಯೆಯಲ್ಲಿ ಮಾರಾಟವಾಯಿತು. ಪೂರ್ತಿ ಕಟ್ಟಿ ಮುಗಿಸಿದವರು ಕೆಲವರೇ, ನಿಜ. ಆದರೆ ಅಷ್ಟು ಮನೆಗಳಿಗೆ ಆ ವಿಚಾರ ಹೋಗಿತ್ತು. 1976ರಲ್ಲಿ ಅಮೆರಿಕದಲ್ಲಿ, ಆಕಾರದ ನಿರ್ಬಂಧವಿಲ್ಲದ ಮಾನವಚಾಲಿತ ವಾಹನಗಳಿಗೆಂದೇ ಒಂದು ಸಂಸ್ಥೆ ಹುಟ್ಟಿತು. 1980ರ ದಶಕದಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ಕಾರ್ಲ್ ಜಾರ್ಜ್ ರಾಸ್ಮುಸೆನ್ 'ಲೈತ್ರಾ' ಎಂಬ ಮೂರು ಚಕ್ರದ ವೆಲೊಮೊಬೈಲನ್ನು ಮಾರುಕಟ್ಟೆಗೆ ತಂದರು.

ಇಂದು ಕಾರ್ಖಾನೆಯ ವೆಲೊಮೊಬೈಲ್ ಬಹಳ ದುಬಾರಿ. ಮನೆಯಲ್ಲಿ ಕಟ್ಟುವವರು ಮಾತ್ರ ಈಗಲೂ ಗುಜರಿಯಿಂದಲೇ ಆರಂಭಿಸುತ್ತಾರೆ. ಎರಡು ಹಳೆಯ ಸೈಕಲ್. ಹಿಂದಕ್ಕೆ ದೊಡ್ಡ ಚಕ್ರ, ಮುಂದಕ್ಕೆ ಮಕ್ಕಳ ಸೈಕಲ್ಲಿನ ಚಿಕ್ಕ ಚಕ್ರ. ಎರಡು ಮೂರು ಚೈನುಗಳನ್ನು ಸೇರಿಸಿ ಒಂದು ಉದ್ದನೆಯ ಚೈನು, ಅದು ಫ್ರೇಮಿಗೆ ತಾಗದಂತೆ ಹಾಯಲು ಒಂದು ರಾಟೆ, ಬೆನ್ನಿಗೆ ಆಸರೆಯಿರುವ ಸೀಟು. ನೀವೂ ಪ್ರಯತ್ನಿಸುವುದಾದರೆ ಮೊದಲು ರಟ್ಟಿನ ಮೇಲೆ ನಕ್ಷೆ ಬರೆಯಿರಿ. ವೆಲ್ಡಿಂಗನ್ನು ನುರಿತವರಿಗೇ ಬಿಡಿ. ಬ್ರೇಕಿನಲ್ಲಿ ಉಳಿತಾಯ ಬೇಡ. ಮೊದಲ ಸವಾರಿ ಬಯಲಿನಲ್ಲಾಗಲಿ. ತಗ್ಗಾದ ಈ ವಾಹನ ಬಸ್ಸು ಲಾರಿಯವರ ಕಣ್ಣಿಗೆ ಬೀಳುವುದು ಕಷ್ಟ. ಎತ್ತರದ ಕೋಲಿಗೊಂದು ಬಾವುಟ ಕಟ್ಟಿ.

ಸೈಕಲ್ ಎಂದರೆ ಹೀಗೇ ಇರಬೇಕೆಂದು ಪ್ರಕೃತಿಯ ಯಾವ ನಿಯಮವೂ ಹೇಳುವುದಿಲ್ಲ; ಹೇಳಿದ್ದು ಒಂದು ಒಕ್ಕೂಟ. ಈ ಎರಡು ಬಗೆಯ ನಿಯಮಗಳ ಅಂತರ ನಿಮಗೆ ತಿಳಿದರೆ, ಗುಜರಿ ಅಂಗಡಿಯ ಹಳೆಯ ಚಕ್ರವೂ ನಿಮ್ಮ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತದೆ.